ತಲೆಬರಹದಲ್ಲಿ 'ಮತ್ತು' ಬೇಡ: ಊರು, ಕಾಲೋನಿ, ಲೈನ್ ಮನೆ ಸೇರಿ ಒಂದು ಅರ್ಜಿ ಬರೆಯುವ ಬಗೆ

ಹಾಸನ ಜಿಲ್ಲೆಯ ಆಲೂರು, ಸಕಲೇಶಪುರ, ಬೇಲೂರು ಕಡೆಯವರಿಗೆ ಕಾಡಾನೆ ಕಾಟದ ಅರ್ಜಿ ಹೊಸದಲ್ಲ. ಭತ್ತ ಕಟಾವಿಗೆ ಬಂದಾಗ ಒಂದು ಬರೆಯುತ್ತೇವೆ, ಕಾಫಿ ಹಣ್ಣಾದಾಗ ಒಂದು, ಯಾರಾದರೂ ಸತ್ತಾಗ ಇನ್ನೊಂದು. ಎರಡು ವರ್ಷದ ಹಿಂದೆ ಅಂಥದ್ದೊಂದು ಅರ್ಜಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಟೈಪ್ ಮಾಡಿ, ಪ್ರಿಂಟ್ ತೆಗೆಸಿ, ಶಾಲೆ ಜಗುಲಿಯಲ್ಲಿ ನಿಂತು ಎಲ್ಲರ ಮುಂದೆ ಓದಿದೆ. ಮೇಲೆ 'ಇಂದ' ಎನ್ನುವ ಕಡೆ 'ಗ್ರಾಮಸ್ಥರು ಮತ್ತು ಕಾಲೋನಿ ನಿವಾಸಿಗಳು' ಎಂದು ಬರೆದಿದ್ದೆ. ಯಾರನ್ನೂ ಬಿಡಬಾರದು ಎಂದೇ ಹಾಗೆ ಬರೆದದ್ದು. ಮೆಟ್ಟಿಲ ಮೇಲೆ ಕೂತಿದ್ದ ಕಾಲೋನಿಯ ಅಕ್ಕ ಒಬ್ಬರು ಕೇಳಿದರು: "ಅಣ್ಣ, ಅದ್ಯಾಕೆ 'ಮತ್ತು'? ನಾವು ಗ್ರಾಮಸ್ಥರಲ್ವಾ?"

ನನ್ನ ಬಾಯಲ್ಲಿ ಮಾತು ಹೊರಡಲಿಲ್ಲ. ಅವರ ಓಟು ಇರುವುದು ನನ್ನ ಓಟು ಇರುವ ಪಟ್ಟಿಯಲ್ಲೇ. ಮತಗಟ್ಟೆ ಅದೇ ಶಾಲೆ, ಅದೇ ಕೋಣೆ. ಆದರೆ ನಮ್ಮ ಕಡೆ ಮಾತಿನಲ್ಲಿ 'ಊರೋರು' ಅಂದರೆ ಒಂದು ಗುಂಪು, 'ಕಾಲೋನಿಯೋರು' ಅಂದರೆ ದಲಿತ ಕೇರಿಯವರು, ಇನ್ನೊಂದು ಗುಂಪು. ಇದು ಎಷ್ಟು ಒಗ್ಗಿಹೋಗಿದೆ ಅಂದರೆ, ಒಳ್ಳೆಯದು ಮಾಡಲು ಹೊರಟವನ ಕೈಯಲ್ಲೂ ಅದೇ ಬಂದುಬಿಡುತ್ತದೆ.

ಆವತ್ತಿನಿಂದ ಇಂಥ ಸಭೆ, ಅರ್ಜಿಗಳ ಕೆಲಸ ಸುಮಾರು ಮಾಡಿದ್ದೇನೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಆನೆಯ ಬದಲು ನೀರು ಇರಬಹುದು, ರಸ್ತೆ ಇರಬಹುದು, ಸ್ಮಶಾನ ಇರಬಹುದು. ಮಾಡುವ ಬಗೆ ಹೆಚ್ಚುಕಮ್ಮಿ ಒಂದೇ.

ಮೊದಲು ಒಂದು ಹಳೆಯ ಜಗಳದ ವಿಷಯ ಹೇಳುತ್ತೇನೆ, ಯಾಕೆಂದರೆ ಸಭೆಯಲ್ಲಿ ಅದು ಬಂದೇ ಬರುತ್ತದೆ. ಜಾತಿ, ಧರ್ಮ, ಹೆಣ್ಣು, ಗಂಡು ಎಂದು ಬೇರೆ ಬೇರೆಯಾಗಿ ಹಕ್ಕು ಕೇಳಬೇಕೋ, ಇಲ್ಲ ಎಲ್ಲರೂ ಪ್ರಜೆಗಳು ಎಂದು ಒಟ್ಟಿಗೆ ಕೇಳಬೇಕೋ ಎನ್ನುವ ಜಗಳ ಅದು. 2016ರ ನವೆಂಬರ್‌ನಲ್ಲಿ ಅಮೆರಿಕದಲ್ಲಿ ಟ್ರಂಪ್ ಗೆದ್ದ ಮೇಲೆ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಕ್ ಲಿಲ್ಲಾ ಪತ್ರಿಕೆಯಲ್ಲಿ ಇದನ್ನೇ ಎತ್ತಿದರು. ಅವರೂ ಉದಾರವಾದಿಯೇ. ನಮ್ಮ ಉದಾರವಾದಿಗಳು ಒಂದೊಂದು ಗುಂಪಿನ ಜೊತೆ ಬೇರೆ ಬೇರೆ ಮಾತಾಡುತ್ತಾ ಹೋದರು, ಎಲ್ಲರನ್ನೂ ಹಿಡಿದಿಡುವ ಮಾತು ಕಳೆದುಕೊಂಡರು, ಅದಕ್ಕೇ ಈ ಗತಿ ಬಂತು ಎನ್ನುವುದು ಅವರ ದೂರು. ತುಂಬಾ ಜನ ಅವರ ಮೇಲೆ ಸಿಟ್ಟಾದರು. ಸಿಟ್ಟಿಗೂ ಕಾರಣ ಇತ್ತು. ಹೀಗೆ ಗುಂಪಿನ ಹೆಸರಿನಲ್ಲಿ ಹಕ್ಕು ಕೇಳುವುದಕ್ಕೆ ಇರುವ ಅಸ್ಮಿತೆಯ ರಾಜಕಾರಣ ಎನ್ನುವ ಮಾತನ್ನು 1977ರಲ್ಲಿ ತಮ್ಮ ಹೇಳಿಕೆಯಲ್ಲಿ ಬಳಸಿ ಹೆಸರಾಗಿಸಿದ್ದು ಬಾಸ್ಟನ್ನಿನ ಕಪ್ಪು ಹೆಂಗಸರ ಒಂದು ಸಂಘಟನೆ, ಕಂಬಾಹಿ ರಿವರ್ ಕಲೆಕ್ಟಿವ್. ಕಪ್ಪು ಜನರ ಚಳವಳಿಯಲ್ಲಿ ಹೆಂಗಸರ ಮಾತು ಹಿಂದೆ ಬೀಳುತ್ತಿತ್ತು. ಹೆಂಗಸರ ಚಳವಳಿಯಲ್ಲಿ ಕಪ್ಪು ಹೆಂಗಸರ ಮಾತು ಹಿಂದೆ ಬೀಳುತ್ತಿತ್ತು. 'ಎಲ್ಲರ' ಪಟ್ಟಿಯಲ್ಲಿ ತಮ್ಮ ಹೆಸರು ಕಾಣದಿದ್ದಾಗ ಅವರು ತಮ್ಮ ಹೆಸರು ಹಿಡಿದು ಮಾತಾಡಿದರು.

ನಮಗೂ ಇದು ಹೊಸದಲ್ಲ. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಮೈಸೂರಿನ ಮುಖ್ಯ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದ್ದು ಇದೇ ಪ್ರಶ್ನೆಗೆ. ಮೈಸೂರಿನ ಸರ್ಕಾರಿ ಕೆಲಸಗಳಲ್ಲಿ ಬ್ರಾಹ್ಮಣರೇ ತುಂಬಿಕೊಂಡಿದ್ದರು, ಬೇರೆಯವರಿಗೂ ಪಾಲು ಬೇಕು ಎಂದು ಒಕ್ಕಲಿಗರು, ಲಿಂಗಾಯತರು, ಮುಸ್ಲಿಮರು ಸೇರಿ ಕೇಳಿದ್ದರು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಅದು ಒಪ್ಪಿಗೆ ಇರಲಿಲ್ಲ, ಯೋಗ್ಯತೆ ನೋಡಬೇಕು ಎನ್ನುವ ಪಕ್ಷ ಅವರದು. ಆವತ್ತು ಜಾತಿ ಹೆಸರು ಹೇಳಿ ಪಾಲು ಕೇಳಿದವರ ಮೊಮ್ಮಕ್ಕಳೇ ಇವತ್ತು ನಮ್ಮ ಸಭೆಗಳಲ್ಲಿ "ಎಲ್ಲದಕ್ಕೂ ಜಾತಿ ಯಾಕೆ ತರ್ತೀರಿ" ಎನ್ನುತ್ತಾರೆ. ಅವರನ್ನು ಹಳಿಯುವುದಕ್ಕೆ ಇದನ್ನು ಹೇಳುತ್ತಿಲ್ಲ. ನಮ್ಮ ಮನೆಯೂ ಅದೇ ಪೈಕಿ.

ನನ್ನ ದಾರಿ ಇದು. ಅರ್ಜಿಯ ತಲೆಬರಹದಲ್ಲಿ ಎಲ್ಲರೂ ಒಂದೇ ಹೆಸರಿನಲ್ಲಿರಬೇಕು. ಅರ್ಜಿಯ ಹೊಟ್ಟೆಯೊಳಗೆ ಒಬ್ಬೊಬ್ಬರ ಕಷ್ಟ ಅದರದರ ಹೆಸರಿನಲ್ಲೇ ಇರಬೇಕು. ಮೇಲೆ ಒಡೆದು ಬರೆದು ಒಳಗೆ ಎಲ್ಲ ಕಲಸಿ ಮುದ್ದೆ ಮಾಡುವುದು ನಾವು ಸಾಮಾನ್ಯವಾಗಿ ಮಾಡುವ ತಪ್ಪು. ಸಂವಿಧಾನವನ್ನೇ ನೋಡಿ. ಶುರುವಾಗುವುದು 'ಭಾರತದ ಜನತೆಯಾದ ನಾವು' ಎಂದು, ಅಲ್ಲಿ ಯಾವ 'ಮತ್ತು'ವೂ ಇಲ್ಲ. ಒಳಗೆ ಹೋದರೆ 15ನೇ ವಿಧಿಯಲ್ಲಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಅಂಗಡಿ, ಹೋಟೆಲು ಎಂದು ಒಂದೊಂದನ್ನೂ ಹೆಸರಿಸಿ ಯಾರನ್ನೂ ಜಾತಿ ನೋಡಿ ತಡೆಯಬಾರದು ಎಂದಿದೆ, 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ಹೆಸರು ಹಿಡಿದೇ ರದ್ದು ಮಾಡಿದೆ. ಗಾಯದ ಹೆಸರು ಹೇಳದೆ ಔಷಧಿ ಬರೆಯಲು ಆಗುವುದಿಲ್ಲ ಅಲ್ವಾ?

ಈಗ ಕೆಲಸಕ್ಕೆ ಬರೋಣ.

ಸಭೆಯ ಜಾಗ ಬಹಳ ಮುಖ್ಯ. ದೇವಸ್ಥಾನದ ಜಗುಲಿ ಬೇಡ, ಮಸೀದಿ ಹಾಲ್ ಬೇಡ, ಜನಾಂಗದ ಭವನ ಬೇಡ, ಗೌಡರ ಮನೆ ಅಂಗಳ ಬೇಡ, ಅವರು ಎಷ್ಟೇ ಒಳ್ಳೆಯವರಾಗಿರಲಿ. ಕೆಲವು ಕಟ್ಟೆಗಳ ಮೇಲೆ ಇವತ್ತಿಗೂ ಎಲ್ಲರೂ ಕೂರುವುದಿಲ್ಲ. ಕರೆದವರಿಗೆ ಅದು ಗೊತ್ತಿರುವುದಿಲ್ಲ, ಬಂದವರಿಗೆ ಗೊತ್ತಿರುತ್ತದೆ. ಸರ್ಕಾರಿ ಶಾಲೆ, ಅಂಗನವಾಡಿ, ಪಂಚಾಯ್ತಿ ಕಚೇರಿ, ಹಾಲಿನ ಡೇರಿ ಮುಂದಿನ ಜಾಗ, ಇವು ಆಗುತ್ತವೆ. ಡೇರಿ ನನಗೆ ಇಷ್ಟ, ಅಲ್ಲಿ ಎಲ್ಲರ ಹಾಲೂ ಒಂದೇ ಕ್ಯಾನಿಗೆ ಬೀಳುತ್ತದೆ.

ಕುರ್ಚಿ ಹಾಕಿಸುವುದಾದರೆ ಎಲ್ಲರಿಗೂ ಹಾಕಿಸಿ, ಇಲ್ಲದಿದ್ದರೆ ಜಮಖಾನ ಹಾಸಿ ಎಲ್ಲರೂ ಕೆಳಗೆ ಕೂತುಕೊಳ್ಳಿ. ಹತ್ತು ಕುರ್ಚಿ, ಅರವತ್ತು ಜನ ಎಂದರೆ ಯಾರು ಕುರ್ಚಿಯಲ್ಲಿ, ಯಾರು ಮೆಟ್ಟಿಲ ಮೇಲೆ ಎನ್ನುವುದು ತಾನಾಗಿಯೇ ತೀರ್ಮಾನವಾಗಿಬಿಡುತ್ತದೆ. ನಮ್ಮ ಮೊದಲ ಸಭೆಯಲ್ಲಿ ಹಾಗೇ ಆಗಿತ್ತು. ಆ ಅಕ್ಕ ಮೆಟ್ಟಿಲ ಮೇಲಿಂದ ಪ್ರಶ್ನೆ ಕೇಳಿದ್ದು ಸುಮ್ನೆ ಅಲ್ಲ.

ಸಮಯ ಇನ್ನೂ ಮುಖ್ಯ. ಸಂಜೆ ಆರಕ್ಕೆ ಸಭೆ ಇಟ್ಟರೆ ಕಾರು, ಜೀಪು ಇದ್ದವರು ಬರುತ್ತಾರೆ. ಆನೆ ಓಡಾಡುವ ಊರಲ್ಲಿ ಕತ್ತಲಾದ ಮೇಲೆ ತೋಟದ ಕೂಲಿಯವರ ಲೈನ್ ಮನೆಯಿಂದ ಕಾಲ್ನಡಿಗೆಯಲ್ಲಿ ಯಾರು ಬರುತ್ತಾರೆ? ಆನೆ ಬಗ್ಗೆ ಮಾತಾಡುವ ಸಭೆಗೆ ಆನೆ ಭಯದಿಂದಲೇ ಕೂಲಿಯವರು ಬರಲಾಗದ ಹಾಗೆ ನಾವೇ ಮಾಡಿರುತ್ತೇವೆ. ವಾರದ ಕೆಲಸದ ದಿನ ಇಟ್ಟರೆ ಅವರ ಕೂಲಿ ಹೋಗುತ್ತದೆ. ಸಂತೆ ದಿನ ಇಟ್ಟರೆ ವಾರದ ಸಾಮಾನು ತಪ್ಪುತ್ತದೆ. ರಜಾದಿನ ಬೆಳಿಗ್ಗೆ ಹನ್ನೊಂದರಿಂದ ಒಂದು ಗಂಟೆ ನಮಗೆ ಸರಿಹೋಗಿದೆ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಅದೂ ಕಷ್ಟ, ಮಳೆಗಾಲ ಮುಗಿದು ಕೊಯ್ಲು ಶುರುವಾಗುವ ಮೊದಲೇ ಮುಗಿಸಿಕೊಳ್ಳಿ.

ಕರೆಯುವಾಗ ವಾಟ್ಸಾಪ್‌ನಲ್ಲಿ ಹಾಕಿ ಸುಮ್ಮನಾಗಬೇಡಿ. ಊರಿನ ಗ್ರೂಪ್‌ನಲ್ಲಿ ಯಾರಿದ್ದಾರೆ ಎಂದು ಒಮ್ಮೆ ಪಟ್ಟಿ ತೆಗೆದು ನೋಡಿ, ಹೆಂಗಸರು ಎಷ್ಟು, ಕಾಲೋನಿಯವರು ಎಷ್ಟು, ಸಾಬರ ಕೇರಿಯವರು ಎಷ್ಟು ಎಂದು. ಕಾಲೋನಿಗೆ ನೀವೇ ಹೋಗಿ. ರಸ್ತೆಯಲ್ಲಿ ಬೈಕ್ ನಿಲ್ಲಿಸಿ ಹಾರ್ನ್ ಹೊಡೆದು "ಭಾನುವಾರ ಬರ್ರಪ್ಪಾ" ಎಂದು ಕೂಗಿದರೆ ಅದು ಕರೆದಂತಲ್ಲ. ಮನೆ ಮುಂದೆ ಹೋಗಿ, ಕೂತು, ಕೊಟ್ಟ ಟೀ ಕುಡಿದು, "ನಿಮಗೆ ಏನು ತೊಂದರೆ ಆಗ್ತಿದೆ" ಎಂದು ಕೇಳಿ ಬರೆದುಕೊಳ್ಳಿ. ನಾನು ಹೀಗೆ ಹೋದಾಗ ಮೊದಲ ಮನೆಯವರು ಹತ್ತು ನಿಮಿಷ ಬಾಗಿಲಲ್ಲೇ ನಿಂತಿದ್ದರು. ಟೀ ತರಬೇಕೋ ಬೇಡವೋ ಎಂದು ಅವರಿಗೆ ಅನುಮಾನ. ನಾನೇ "ಅಕ್ಕ, ಒಂದು ಲೋಟ ಟೀ ಕೊಡಿ" ಎಂದು ಕೇಳಿದೆ. ಸ್ಟೀಲ್ ಲೋಟ, ಬೆಲ್ಲದ ಟೀ. ಆಮೇಲೆ ಒಂದೂವರೆ ಗಂಟೆ ಮಾತಾಡಿದರು.

ಅಲ್ಲಿ ತಿಳಿದದ್ದನ್ನು ಹೇಳುತ್ತೇನೆ, ಯಾಕೆಂದರೆ ಇಡೀ ಅರ್ಜಿ ಬದಲಾದದ್ದು ಅದರಿಂದ. ನಮ್ಮ ಹಳೆಯ ಅರ್ಜಿಯಲ್ಲಿ ಇದ್ದದ್ದು ಬೆಳೆ ಪರಿಹಾರ ಜಾಸ್ತಿ ಮಾಡಿ, ಬೇಗ ಕೊಡಿ, ಕಂದಕ ತೋಡಿ, ಆನೆ ಹಿಡಿದು ಸಾಗಿಸಿ ಎಂದು. ಬೆಳೆ ಪರಿಹಾರ ಬೇಕಾದರೆ ಪಹಣಿ ಬೇಕು. ಪಹಣಿ ಇಲ್ಲದವರಿಗೆ ಬೆಳೆ ಇಲ್ಲ, ಬೆಳೆ ಇಲ್ಲದವರಿಗೆ ಪರಿಹಾರವೂ ಇಲ್ಲ. ಆನೆ ತೋಟದಲ್ಲಿದೆ ಎಂದು ಸುದ್ದಿ ಬಂದ ದಿನ ತೋಟದ ಕೆಲಸ ನಿಲ್ಲುತ್ತದೆ. ಮಾಲೀಕರಿಗೆ ಒಂದು ದಿನದ ಕೊಯ್ಲು ತಡ. ಆ ಅಕ್ಕನಿಗೆ ಒಂದು ದಿನದ ಕೂಲಿಯೇ ಇಲ್ಲ. ಅದನ್ನು ಬರೆಯಲು ಯಾವ ಫಾರಂನಲ್ಲೂ ಕಾಲಂ ಇಲ್ಲ. ಬೆಳಿಗ್ಗೆ ಮಂಜು ಇನ್ನೂ ಹರಿದಿರುವುದಿಲ್ಲ, ಕಾಫಿ ಗಿಡಗಳ ನಡುವಿನ ಕಾಲುದಾರಿಯಲ್ಲಿ ಬುತ್ತಿ ಹಿಡಿದು ಮೂರು ಜನ ಸಾಲಾಗಿ ಹೋಗುತ್ತಾರೆ, ಮುಂದೆ ಹೋಗುವವರು ನಿಂತು ಲದ್ದಿ ಬಿಸಿ ಇದೆಯಾ ಎಂದು ನೋಡುತ್ತಾರೆ. ಫಾರೆಸ್ಟಿನವರ ಎಚ್ಚರಿಕೆ ಮೆಸೇಜ್ ಬರುವುದು ಮೊಬೈಲಿಗೆ. ಆ ಮನೆಯಲ್ಲಿ ಇದ್ದ ಒಂದೇ ಮೊಬೈಲು ಮಗನ ಹತ್ತಿರ, ಮಗ ಬೆಂಗಳೂರಿನಲ್ಲಿ.

2023ರ ಡಿಸೆಂಬರ್ 4ರಂದು ಯಸಳೂರು ವಲಯದಲ್ಲಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ದಸರಾ ಆನೆ ಅರ್ಜುನ ಸತ್ತಾಗ ಇಡೀ ನಾಡು ಅತ್ತಿತು. ನಾನೂ ಅತ್ತೆ. ಆದರೆ ಕೂಲಿಗೆ ಹೋಗುವ ದಾರಿಯಲ್ಲಿ ಆನೆಗೆ ಸಿಕ್ಕಿ ಸತ್ತವರ ಹೆಸರು ನಮ್ಮ ತಾಲೂಕಿನಲ್ಲೇ ಎಷ್ಟು ಜನಕ್ಕೆ ನೆನಪಿದೆ?

ಸಭೆ ದಿನ ಮೊದಲ ಮಾತು ಯಾರದ್ದು ಎನ್ನುವುದನ್ನು ಮೊದಲೇ ನಿಶ್ಚಯ ಮಾಡಿಕೊಳ್ಳಿ. ಊರಿನ ಹಿರಿಯರು ಮೊದಲು ಮಾತಾಡಿದರೆ ಉಳಿದವರು ತಲೆದೂಗಿ ಎದ್ದು ಹೋಗುತ್ತಾರೆ. ನಾವು ಈಗ ಪಹಣಿ ಇಲ್ಲದವರಿಂದ ಶುರು ಮಾಡುತ್ತೇವೆ. ಆಮೇಲೆ ಸಣ್ಣ ರೈತರು, ಆಮೇಲೆ ಬೆಳೆಗಾರರ ಸಂಘದವರು. ಹಿರಿಯರಿಗೆ ಮೊದಲೇ ಹೋಗಿ "ಗೌಡ್ರೇ, ನೀವು ಕೊನೆಗೆ ಮಾತಾಡಿ, ಎಲ್ಲ ಕೇಳಿ ಒಂದು ದಾರಿಗೆ ತನ್ನಿ" ಎಂದು ಹೇಳಿ ಬನ್ನಿ. ಮರ್ಯಾದೆಯಿಂದ ಕೇಳಿದರೆ ಒಪ್ಪುತ್ತಾರೆ. ಒಪ್ಪದಿದ್ದರೂ ಆವತ್ತು ಸುಮ್ಮನಿರುತ್ತಾರೆ.

ಪೇಟೆಯಿಂದ ಬರುವ ಗೆಳೆಯರಿಗೆ ಒಂದು ಮಾತು. ಬಹುತ್ವ, ಅಸ್ಮಿತೆ, ಒಳಗೊಳ್ಳುವಿಕೆ, ಇವೆಲ್ಲ ಒಳ್ಳೆಯ ಪದಗಳೇ, ಆದರೆ ಜಗುಲಿಯಲ್ಲಿ ಕೂತವರಿಗೆ ಇವು ತಾಗುವುದಿಲ್ಲ. ಮರ್ಯಾದೆ, ಪಾಲು, ಹಕ್ಕು, ಓಟು, ನೀರು, ದಾರಿ. ಇಷ್ಟು ಪದಗಳಲ್ಲಿ ಎಲ್ಲವನ್ನೂ ಹೇಳಬಹುದು. 'ಪೌರತ್ವ' ಎನ್ನುವ ಪದ ಹೇಳುವಾಗಲೂ ಸ್ವಲ್ಪ ನೋಡಿಕೊಳ್ಳಿ. 2019ರ ಕೊನೆಯಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆಯ ಗಲಾಟೆ ಆದ ಮೇಲೆ ಕೆಲವು ಮನೆಗಳಲ್ಲಿ ಆ ಪದ ಕೇಳಿದರೆ ಜನನ ಪ್ರಮಾಣಪತ್ರ ಎಲ್ಲಿದೆ ಎಂದು ಪೆಟ್ಟಿಗೆ ತೆಗೆಯುತ್ತಾರೆ. ಎಲ್ಲರನ್ನೂ ಸೇರಿಸಬೇಕಾದ ಪದವೇ ಹೆದರಿಸುವ ಪದ ಆಗಿದ್ದು ನನಗೆ ತುಂಬಾ ನೋವಿನ ವಿಷಯ.

ಇನ್ನು "ನಾವೆಲ್ಲ ಒಂದೇ" ಎಂದು ಶುರು ಮಾಡಬೇಡಿ. ಮೊದಲ ಸಲ ನಾನು ಹಾಗೇ ಶುರು ಮಾಡಿದ್ದೆ. ಎರಡನೇ ಸಭೆಗೆ ಕಾಲೋನಿಯಿಂದ ಇಬ್ಬರೇ ಬಂದರು. ಕಾರಣ ಕೇಳಿದಾಗ ಒಬ್ಬ ಹುಡುಗ ಹೇಳಿದ: "ಒಂದೇ ಅಂತ ನೀವೇ ಹೇಳಿಬಿಟ್ರಲ್ಲ, ಇನ್ನು ನಾವು ಬೇರೆ ಕಷ್ಟ ಹೇಳಿದ್ರೆ ಜಗಳ ತೆಗೆದ ಹಾಗಾಗುತ್ತೆ." 1949ರ ನವೆಂಬರ್ 25ರಂದು ಸಂವಿಧಾನ ಸಭೆಯ ಕೊನೆಯ ಭಾಷಣದಲ್ಲಿ ಅಂಬೇಡ್ಕರ್ ಹೇಳಿದ್ದೂ ಇದನ್ನೇ. ಜನವರಿ 26ರಿಂದ ರಾಜಕೀಯದಲ್ಲಿ ನಮಗೆ ಸಮಾನತೆ ಇರುತ್ತದೆ, ಸಾಮಾಜಿಕ ಮತ್ತು ಆರ್ಥಿಕ ಬದುಕಿನಲ್ಲಿ ಅಸಮಾನತೆ ಇರುತ್ತದೆ, ಈ ವಿರೋಧದೊಳಗೆ ಕಾಲಿಡುತ್ತಿದ್ದೇವೆ ಎಂದರು. ಒಂದು ಓಟಿಗೆ ಒಂದು ಬೆಲೆ ಬಂತು. ಒಬ್ಬ ಮನುಷ್ಯನಿಗೆ ಒಂದೇ ಬೆಲೆ ಬರುವುದು ಇನ್ನೂ ಬಾಕಿ ಇದೆ. 1963ರ ಆಗಸ್ಟ್ 28ರಂದು ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಇದನ್ನೇ ಹಣದ ಭಾಷೆಯಲ್ಲಿ ಹೇಳಿದರು: ದೇಶ ಎಲ್ಲರಿಗೂ ಒಂದು ಪ್ರಾಮಿಸರಿ ನೋಟ್ ಬರೆದುಕೊಟ್ಟಿದೆ, ಕಪ್ಪು ಜನರಿಗೆ ಕೊಟ್ಟ ಚೆಕ್ ಮಾತ್ರ ಹಣವಿಲ್ಲ ಎಂದು ವಾಪಸ್ ಬಂದಿದೆ. ನಮ್ಮ ಊರಲ್ಲಿ ಚೆಕ್ ಬೌನ್ಸ್ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಆತ ಕೇಳಿದ್ದು ಬೇರೆ ಬ್ಯಾಂಕನ್ನಲ್ಲ, ಅದೇ ಬ್ಯಾಂಕಿನಲ್ಲಿ ತನ್ನ ದುಡ್ಡನ್ನು. ಅಸ್ಮಿತೆ, ಪೌರತ್ವ ಎರಡೂ ಆ ಒಂದು ಮಾತಿನಲ್ಲಿವೆ.

ಈಗ ಬರೆಯುವುದು. 'ಇಂದ' ಎನ್ನುವ ಕಡೆ 'ಇಂಥ ಗ್ರಾಮದ ಗ್ರಾಮಸ್ಥರು' ಎಂದಷ್ಟೇ ಹಾಕಿ. ಕೆಳಗೆ ಬೇಡಿಕೆಗಳಲ್ಲಿ ಬಿಡಿಸಿ ಬರೆಯಿರಿ. ನಮ್ಮ ಎರಡನೇ ಅರ್ಜಿಯಲ್ಲಿ ಹೀಗಿತ್ತು: ಪಹಣಿ ಇರುವ ರೈತರಿಗೆ ಬೆಳೆ ಪರಿಹಾರ ತಡವಿಲ್ಲದೆ ಸಿಗಬೇಕು. ಉಳುತ್ತಿರುವ ಸರ್ಕಾರಿ ಜಮೀನಿನ ಸಕ್ರಮಕ್ಕೆ ಬಗರ್‌ಹುಕುಂ ಅರ್ಜಿ ಹಾಕಿ ಕಾಯುತ್ತಿರುವವರ ಬೆಳೆ ಹಾನಿಯನ್ನೂ ಸ್ಥಳಕ್ಕೆ ಬಂದು ದಾಖಲು ಮಾಡಬೇಕು. ಆನೆ ಇರುವ ದಿನ ಕೆಲಸ ನಿಂತರೆ ಕೂಲಿಯವರಿಗೆ ಆ ದಿನದ ಕೂಲಿ ಹೇಗೆ ಸಿಗಬೇಕು ಎಂದು ಕಾರ್ಮಿಕ ಇಲಾಖೆ, ತೋಟದ ಮಾಲೀಕರು, ಕಾರ್ಮಿಕರು ಕೂತು ತೀರ್ಮಾನ ಮಾಡಬೇಕು. ಕಾಲೋನಿಯಿಂದ ತೋಟಕ್ಕೆ ಹೋಗುವ ದಾರಿಗೆ ಬೀದಿ ದೀಪ ಬೇಕು. ಮೊಬೈಲ್ ಇಲ್ಲದವರಿಗೆ ಧ್ವನಿವರ್ಧಕದಲ್ಲಿ ಎಚ್ಚರಿಕೆ ಕೊಡಬೇಕು, ಲೈನ್ ಮನೆಗಳಿಗೆ ಅವರಿಗೆ ಅರ್ಥವಾಗುವ ಭಾಷೆಯಲ್ಲಿ.

ಕೂಲಿ ವಿಷಯಕ್ಕೆ ಒಂದು ಗಂಟೆ ಗಲಾಟೆ ಆಯಿತು. ಬೆಳೆಗಾರರೊಬ್ಬರು ಎದ್ದು ನಿಂತು "ಹಾಗಾದ್ರೆ ನನ್ನ ಮೇಲೆ ನಾನೇ ಅರ್ಜಿ ಬರ್ಕೊಳ್ಳಬೇಕಾ" ಎಂದರು. ಅವರ ಮಾತಿನಲ್ಲೂ ಹುರುಳಿತ್ತು. ಸಾಲ ಇದೆ, ಕೆಲಸಕ್ಕೆ ಜನ ಸಿಗುವುದಿಲ್ಲ, ಆನೆ ತುಳಿದ ಗಿಡ ಮತ್ತೆ ಫಸಲಿಗೆ ಬರಲು ವರ್ಷಗಳು ಬೇಕು. ಕೊನೆಗೆ 'ಮಾಲೀಕರು ಕೊಡಬೇಕು' ಎಂದಿದ್ದದ್ದು 'ಕೂತು ತೀರ್ಮಾನ ಮಾಡಬೇಕು' ಎಂದಾಯಿತು. ಕಾಲೋನಿಯವರಿಗೆ ಅದು ಕಡಿಮೆಯಾಯಿತು, ಮಾಲೀಕರಿಗೆ ಜಾಸ್ತಿಯಾಯಿತು. ಆದರೂ ಇಬ್ಬರೂ ಸಹಿ ಹಾಕಿದರು. ಇಂಥ ಕಡೆ ಅವಸರ ಮಾಡಬೇಡಿ, ಗಲಾಟೆ ಆಗಲಿ ಬಿಡಿ. ಗಲಾಟೆ ಇಲ್ಲದೆ ಎಲ್ಲರೂ ಒಪ್ಪಿದರು ಎಂದರೆ ಯಾರೋ ಬಾಯಿ ಬಿಟ್ಟಿಲ್ಲ ಎಂದೇ ತಿಳಿಯಿರಿ. ಸಹಿಯನ್ನು ಜಾತಿವಾರು, ಬೀದಿವಾರು ಹಾಕಿಸಬೇಡಿ, ಹಾಳೆಯನ್ನು ಕೂತ ಸಾಲಿನಲ್ಲೇ ದಾಟಿಸಿ. ಹೆಬ್ಬೆಟ್ಟಿನ ಪ್ಯಾಡ್ ಒಂದು ಜೇಬಿನಲ್ಲಿರಲಿ. ಹೆಂಗಸರು ತಮ್ಮ ಹೆಸರಲ್ಲೇ ಸಹಿ ಮಾಡಲಿ, 'ಇಂಥವರ ಹೆಂಡತಿ' ಎಂದು ಬೇಡ.

ಕೆಲವು ಮಾತುಗಳು ಪ್ರತಿ ಸಭೆಯಲ್ಲೂ ಬರುತ್ತವೆ. "ಈಗ ಎಲ್ಲಿದೆ ಸ್ವಾಮಿ ಜಾತಿ" ಎನ್ನುವುದು ಒಂದು. ಭಾಷಣ ಮಾಡಬೇಡಿ, ಪ್ರಶ್ನೆ ಕೇಳಿ. ನಮ್ಮೂರಲ್ಲಿ ಕ್ಷೌರದ ಅಂಗಡಿಗೆ ಎಲ್ಲರೂ ಹೋಗುತ್ತಾರಾ? ಹಬ್ಬದ ಪಂಕ್ತಿ ಒಂದೇನಾ? ಹೆಣ ಹೂಳಲು ಎಲ್ಲರಿಗೂ ಜಾಗ ಇದೆಯಾ? ನಮ್ಮದೇ ಜಿಲ್ಲೆಯ ಹೊಳೆನರಸೀಪುರ ತಾಲೂಕಿನ ಸಿಗರನಹಳ್ಳಿಯಲ್ಲಿ ದಲಿತ ಹೆಂಗಸರು ದೇವಸ್ಥಾನದೊಳಗೆ ಹೋದರೆಂದು ದಂಡ ಹಾಕಿದ ಸುದ್ದಿ ಬಂದದ್ದು 2015ರಲ್ಲಿ. ಅದೇನು ಅಜ್ಜನ ಕಾಲವಲ್ಲ.

"ಮೀಸಲಾತಿ ಇದ್ದರೆ ಸಮಾನತೆ ಹೇಗೆ" ಎನ್ನುವುದು ಇನ್ನೊಂದು. ಇದಕ್ಕೆ ಪ್ರಮಾಣಪತ್ರದಿಂದ ಶುರು ಮಾಡಿ. ಕರ್ನಾಟಕದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ ಒಕ್ಕಲಿಗರು 3ಎ, ಅದಕ್ಕೆ ಶೇಕಡ 4. ಲಿಂಗಾಯತರು 3ಬಿ, ಅದಕ್ಕೆ ಶೇಕಡ 5. ಹಳ್ಳಿ ಶಾಲೆಯಲ್ಲಿ ಓದಿದವರಿಗೆ ಸಿಇಟಿಯಲ್ಲಿ ಗ್ರಾಮೀಣ ಕೋಟಾ ಇದೆ, ಶೇಕಡ 15. ಮೇಲ್ಜಾತಿಯ ಬಡವರಿಗೆ 2019ರಿಂದ ಕೇಂದ್ರದಲ್ಲಿ ಶೇಕಡ 10. ಜಗುಲಿಯಲ್ಲಿ ಕೂತ ಹೆಚ್ಚಿನವರ ಮನೆಯಲ್ಲಿ ಇದರಲ್ಲಿ ಒಂದಾದರೂ ಕಾಗದ ಇದ್ದೇ ಇರುತ್ತದೆ. ಅವರನ್ನು ಸಿಕ್ಕಿಹಾಕಿಸುವ ಧಾಟಿಯಲ್ಲಿ ಇದನ್ನು ಹೇಳಬಾರದು. "ನಮ್ಮ ಮಗಳಿಗೂ ಗ್ರಾಮೀಣ ಕೋಟಾದಲ್ಲೇ ಸೀಟು ಸಿಕ್ಕಿದ್ದು, ಹಳ್ಳಿ ಶಾಲೆಯಲ್ಲಿ ಓದಿದ್ದು ಅವಳ ತಪ್ಪಲ್ಲ ಅಲ್ವಾ" ಎಂದು ಹೇಳಿದರೆ ಉಳಿದದ್ದನ್ನು ಅವರೇ ಯೋಚನೆ ಮಾಡುತ್ತಾರೆ.

ಲೈನ್ ಮನೆಯವರ ವಿಷಯ ಎಲ್ಲಕ್ಕಿಂತ ಕಷ್ಟ. ಈಗ ನಮ್ಮ ತೋಟಗಳಲ್ಲಿ ಅಸ್ಸಾಂ ಕಡೆಯವರು ಬಹಳ ಜನ ಕೆಲಸ ಮಾಡುತ್ತಾರೆ. ಅವರು ಬಂಗಾಳಿ ಮಾತಾಡಿದರೆ ಸಾಕು, "ಇವರು ಎಲ್ಲಿಯವರೋ" ಎನ್ನುವ ಮಾತು ಏಳುತ್ತದೆ. ಅನುಮಾನ ಬಂದರೆ ತನಿಖೆ ಮಾಡಲು ಪೊಲೀಸರಿದ್ದಾರೆ, ಅದು ಊರಿನ ಹುಡುಗರ ಕೆಲಸವಲ್ಲ, ವಿಡಿಯೊ ಮಾಡಿ ಆಧಾರ್ ಕೇಳುವುದು ಯಾರಿಗೂ ಕೊಟ್ಟ ಅಧಿಕಾರವಲ್ಲ. ನಮ್ಮ ದೇಶದಲ್ಲಿ ರಾಜ್ಯಕ್ಕೊಂದು ಪೌರತ್ವ ಇಲ್ಲ, ಒಂದೇ ಇರುವುದು. ಅಸ್ಸಾಮಿನ ಪ್ರಜೆ ಹಾಸನದಲ್ಲಿ ಇರಬಹುದು, ದುಡಿಯಬಹುದು, ನಮ್ಮ ಹುಡುಗರು ಮುಂಬೈ, ಹೈದರಾಬಾದ್‌ನಲ್ಲಿ ಇರುವ ಹಾಗೆ. ಅವರ ಓಟು ನಮ್ಮ ಪಟ್ಟಿಯಲ್ಲಿ ಇಲ್ಲದಿರಬಹುದು, ಗ್ರಾಮ ಸಭೆಯಲ್ಲಿ ಕೈ ಎತ್ತುವ ಹಕ್ಕು ಇಲ್ಲದಿರಬಹುದು. ಆನೆ ಓಟರ್ ಪಟ್ಟಿ ನೋಡುವುದಿಲ್ಲ. ಅವರಲ್ಲಿ ಕನ್ನಡ ಬರುವ ಒಬ್ಬರನ್ನು ಸಭೆಗೆ ಕರೆಯಿರಿ. ನಮ್ಮಲ್ಲಿ ಬಂದ ಹುಡುಗ ಮೂರು ವರ್ಷದಲ್ಲಿ ಕಲಿತ ಕನ್ನಡದಲ್ಲಿ "ನಮ್ಮ ಲೈನ್ ಹಿಂದೆ ಕಕ್ಕಸು ದೂರ ಇದೆ, ರಾತ್ರಿ ಹೆಂಗಸರು ಹೋಗಲ್ಲ" ಎಂದ. ನಾವು ಯಾರೂ ಅದನ್ನು ಯೋಚಿಸಿರಲಿಲ್ಲ. ಅದೂ ಬೇಡಿಕೆಯಲ್ಲಿ ಸೇರಿತು.

ದೇವರ ವಿಷಯ. ಚಿಕ್ಕಮಗಳೂರು ಕಡೆಯವರಾದರೆ ಡಿಸೆಂಬರ್‌ನಲ್ಲಿ ದತ್ತ ಜಯಂತಿಯ ವಾರ ಸಭೆ ಇಡಬೇಡಿ, ಹಿಂದೂಗಳು, ಮುಸ್ಲಿಮರು ಇಬ್ಬರೂ ನಡೆದುಕೊಳ್ಳುವ ಬಾಬಾಬುಡನ್‌ಗಿರಿಯ ವಿವಾದದ ಮಾತು ಬಂದರೆ ಆವತ್ತಿನ ಕೆಲಸ ಅಲ್ಲಿಗೆ ನಿಲ್ಲುತ್ತದೆ. ಬೇಲೂರು ಕಡೆಯವರಿಗೂ ಅಷ್ಟೇ. ಚೆನ್ನಕೇಶವನ ರಥೋತ್ಸವದಲ್ಲಿ ಕುರಾನ್ ಪಠಣ ಮಾಡುವ ಹಳೆಯ ಪದ್ಧತಿಯ ಮೇಲೆ 2022ರಿಂದ ಎದ್ದ ತಕರಾರು ಜನರ ಮನಸ್ಸಿನಲ್ಲಿ ಹಸಿಯಾಗಿಯೇ ಇದೆ. ಆ ಪದ್ಧತಿ ಉಳಿಯಬೇಕು ಎನ್ನುವವನು ನಾನು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀರಿನ ಸಭೆಯಲ್ಲಿ ನೀರಿನ ಮಾತೇ ನಡೆಯಲಿ. ಆರು ತಿಂಗಳು ಒಟ್ಟಿಗೆ ಕೂತು ಒಂದು ಬೋರ್‌ವೆಲ್ ರಿಪೇರಿ ಮಾಡಿಸಿಕೊಂಡವರು ಆಮೇಲೆ ಜಾತ್ರೆ ವಿಷಯ ಮಾತಾಡುವ ಧಾಟಿಯೇ ಬೇರೆ ಇರುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಲ್ಲಿಸುವಾಗ ಒಬ್ಬರೇ ಹೋಗಬೇಡಿ. ಎಂಎಲ್‌ಎ ಜೊತೆ ಫೋಟೊ ತೆಗೆಸಿಕೊಳ್ಳಲು ಎಲ್ಲರೂ ಬರುತ್ತಾರೆ, ಟಪಾಲು ವಿಭಾಗದ ಮುಂದೆ ನಿಲ್ಲಲು ಯಾರೂ ಬರುವುದಿಲ್ಲ. ಊರಿಂದ ಇಬ್ಬರು, ಕಾಲೋನಿಯಿಂದ ಇಬ್ಬರು, ಅದರಲ್ಲಿ ಹೆಂಗಸರು ಇರಲೇಬೇಕು. ಅರ್ಜಿಯನ್ನು ಗ್ರಾಮ ಸಭೆಯಲ್ಲೂ ಇಡಿ. ಆರು ತಿಂಗಳಿಗೆ ಒಮ್ಮೆಯಾದರೂ ಗ್ರಾಮ ಸಭೆ ನಡೆಯಲೇಬೇಕು ಎಂದು 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲೇ ಇದೆ. ಪಿಡಿಒ ಅವರಿಗೆ ಹೇಳಿ ನಡಾವಳಿ ಪುಸ್ತಕದಲ್ಲಿ ಬರೆಸಿ, ಬರೆದದ್ದನ್ನು ಅಲ್ಲೇ ಜೋರಾಗಿ ಓದಿಸಿ. 'ಆನೆ ಸಮಸ್ಯೆ ಬಗ್ಗೆ ಚರ್ಚಿಸಲಾಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದರೆ ಒಪ್ಪಬೇಡಿ, ಬೇಡಿಕೆ ಒಂದೊಂದೂ ಬರಬೇಕು. ತಿಂಗಳು ಕಾದು ಉತ್ತರ ಬರದಿದ್ದರೆ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ, ನಮ್ಮ ಅರ್ಜಿಯ ಮೇಲೆ ಏನು ಕ್ರಮ ಆಗಿದೆ ಎಂದು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ನಮ್ಮ ಅರ್ಜಿಯಲ್ಲಿ ಬೀದಿ ದೀಪ ಬಂತು, ಧ್ವನಿವರ್ಧಕ ಬಂತು. ಕೂಲಿ ಮಾತುಕತೆ ಒಂದು ಸಲ ಆಯಿತು, ಎರಡನೇ ಸಲಕ್ಕೆ ದಿನ ಗೊತ್ತಾಗಿಲ್ಲ. ಕಕ್ಕಸಿನ ವಿಷಯಕ್ಕೆ ಇನ್ನೂ ಓಡಾಡುತ್ತಿದ್ದೇವೆ.

ಸ್ವೀಕೃತಿ ಸೀಲು ಬಿದ್ದ ಪ್ರತಿ ಯಾರ ಹತ್ತಿರ ಇರಬೇಕು ಎನ್ನುವುದನ್ನೂ ಸಭೆಯಲ್ಲೇ ತೀರ್ಮಾನ ಮಾಡಿ. ನಮ್ಮದು ಮೆಟ್ಟಿಲ ಮೇಲೆ ಕೂತಿದ್ದ ಆ ಅಕ್ಕನ ಮನೆಯಲ್ಲಿದೆ, ರೇಷನ್ ಕಾರ್ಡ್ ಇಡುವ ಪ್ಲಾಸ್ಟಿಕ್ ಕವರಿನಲ್ಲಿ. ಬೆಳೆಗಾರರ ಸಂಘದವರಿಗೆ ಕಳೆದ ತಿಂಗಳು ಜೆರಾಕ್ಸ್ ಬೇಕಾಗಿತ್ತು. ಅವರು ಕಾಲೋನಿಗೆ ಹೋಗಿ, ಕೂತು, ಕೇಳಿ ತಂದರು.